ಸರ್ಕಾರದ ಸಂಬಳದ ಅಕ್ಕ

ತಮಿಳು ಸೀಮೆಯ ನಂಗವಳ್ಳಿಯಲ್ಲಿ ನನ್ನದು ತೆಂಗಿನಕಾಯಿ ಮಂಡಿ. ಬುಟ್ಟಿ ಹೊತ್ತು ಮಾರುತ್ತಿದ್ದವನು ಚೌಕಾಸಿಯಿಂದಲೇ ಇಲ್ಲಿಯವರೆಗೆ ಬಂದೆ. ಕುದುರದ ವ್ಯವಹಾರ ಯಾವುದೂ ಇಲ್ಲವೆಂದು ನಂಬಿದ್ದೆ.

ನಮ್ಮ ಬೀದಿಯಲ್ಲೊಬ್ಬ ಲಾರಿ ಡ್ರೈವರ್. ಕುಡಿದು ಬಂದರೆ ಹೆಂಡತಿಗೆ ಹೊಡೆಯುತ್ತಿದ್ದ. ಇಂಥದ್ದನ್ನು ತಡೆಯಲೆಂದು ಸರ್ಕಾರ ಒಂದು ಯೋಜನೆ ತಂದು ನಮ್ಮೂರಿನ ಅಕ್ಕನೊಬ್ಬಳನ್ನು ಸಂಬಳಕ್ಕೆ ಇಟ್ಟುಕೊಂಡಿತ್ತು. ಅವಳು ಸಂಜೆ ಆ ಮನೆಗೆ ಹೋಗಿ, ಹೆಂಡತಿಯ ಜತೆ ಕಡಲೆಕಾಯಿ ಸುಲಿಯುತ್ತಾ, ಅವನು ಉಂಡು ಮಲಗುವ ತನಕ ಕೂತಿರುತ್ತಿದ್ದಳು. ಅಷ್ಟೇ ಕೆಲಸ. ಆ ಮನೆಯ ಕೂಗು ನಿಂತಿತ್ತು.

ಈ ವರ್ಷ ಯೋಜನೆಗೆ ಹಣ ಬರಲಿಲ್ಲ. ಅಕ್ಕ ಏರ್ಕಾಡಿನ ಎಸ್ಟೇಟ್ ಕೆಲಸಕ್ಕೆ ಹೊರಟಳು. ನನಗೆ ಕಳವಳವಾಯಿತು; ಆ ಹೆಂಗಸಿಗೆ ಇನ್ನು ಯಾರು ದಿಕ್ಕು?

"ಓಗ್ಬೇಡಕ್ಕ. ಆ ಸಂಬ್ಳ ನಾನೇ ಕೊಡ್ತೀನಿ" ಅಂದೆ.

"ಪೂರ್ತಿ ಕೊಡ್ತೀಯೋ, ಕಮಿಷನ್ ಇಡ್ಕೊತೀಯೋ?" ಎಂದು ನಕ್ಕು ಉಳಿದಳು.

ಮೊದಲ ಸಂಜೆಯೇ ಹೋದ ದಾರಿಯಲ್ಲಿ ವಾಪಸು ಬಂದಳು.

"ಬಾಗ್ಲಾಗೇ ತಡ್ದ. 'ಸರ್ಕಾರ ಕಳ್ಸಿದ್ರೆ ಒಳೀಕ್ ಬಾ. ಮಂಡಿಯೋನ್ ಕಾಸಿಗೆ ನಮ್ಮನೆ ಸುದ್ದಿ ಸಾಗ್ಸಾಕ್ ಬಂದ್ಯಾ?' ಅಂದ."

ನನ್ನ ಎಣಿಕೆ ತಪ್ಪಿದ್ದು ಅಲ್ಲಿ. ಸರ್ಕಾರದ ದುಡ್ಡಿಗೆ ಯಾರ ಮುಖವೂ ಇರಲಿಲ್ಲ. ಯಾರಿಗೂ ತಗ್ಗದೆ ಅವನು ಅಕ್ಕನನ್ನು ಒಳಗೆ ಬಿಟ್ಟುಕೊಂಡಿದ್ದ. ನನ್ನ ದುಡ್ಡಿಗೆ ನನ್ನ ಮುಖವಿದೆ. ಸಾಲದ್ದಕ್ಕೆ ಲಾರಿ ಬಾಡಿಗೆಗಾಗಿ ನಮ್ಮಿಬ್ಬರಲ್ಲಿ ಹಳೇ ಮುನಿಸು.

ಮರುದಿನ ಬಸ್ಸು ಹತ್ತಿ ಆ ಯೋಜನೆಯ ಕಚೇರಿಗೆ ಹೋದೆ.

"ನಿಮ್ಮೂರಲ್ಲಿ ಕೇಸೇ ಇಲ್ಲವಲ್ಲ, ಮೇಲಕ್ಕೆ ಏನಂತ ಬರೆಯಲಿ?" ಎಂದರು ಅಧಿಕಾರಿ, ತಮಿಳಿನಲ್ಲಿ.

"ಅವಳು ಕೂತಿದ್ದಕ್ಕೇ ಕೇಸಾಗಲಿಲ್ಲ ಅಂತ ಬರೀರಿ ಸಾರ್."

"ಪಾಕ್ಕಲಾಂ" ಅಂದರು. ನೋಡೋಣವಂತೆ. ಎಷ್ಟು ಎಳೆದರೂ ಅದರಾಚೆ ಒಂದು ಮಾತು ಹೊರಡಲಿಲ್ಲ.

ನಿಮ್ಮೂರಲ್ಲಿ ಇಂಥ ಅಕ್ಕನಿದ್ದರೆ, ಹಣ ಬರುತ್ತಿರುವಾಗಲೇ ನಾಲ್ಕು ಜನ ಹೋಗಿ ಮುಂದಿನ ವರ್ಷದ್ದನ್ನು ಕೇಳಿ. ಕೈಯಿಂದ ಕೊಡುವ ಶಕ್ತಿಯಿದ್ದರೂ ಸರ್ಕಾರವನ್ನೇ ಕೇಳಿ. ಹಣ ನಿಂತ ಮೇಲೆ ಚೌಕಾಸಿ ನಡೆಯುವುದಿಲ್ಲ.

ಅಕ್ಕ ಕಚೇರಿಯ ಉತ್ತರಕ್ಕೆ ಈ ವಾರ ಕಾಯುತ್ತೇನೆ ಎಂದಿದ್ದಾಳೆ. ಸಂಜೆ ನಾನು ಟಿವಿ ಹಾಕುವುದನ್ನು ಬಿಟ್ಟಿದ್ದೇನೆ. ಆ ಮನೆಯ ಸದ್ದು ಕೇಳಿಸದೆ ಹೋದರೆ? ಇವತ್ತು ಅವನ ಲಾರಿ ಬಂದು ನಿಂತಿದೆ. ಅಕ್ಕ ಚಪ್ಪಲಿ ಬಿಚ್ಚದೆ ನಮ್ಮ ಜಗಲಿಯ ಮೇಲೆ ಕೂತಿದ್ದಾಳೆ.

"ಕೂಗು ಕೇಳಿದ್ರೆ ಓಗ್ತೀನಿ" ಎಂದಳು. "ನೀ ಮಾತ್ರ ನನ್ ಇಂದಿಂದೆ ಬರ್ಬೇಡ."