ಉದ್ದ ತೋಳು ಬಿಚ್ಚಿದ ದಿನ

ನನ್ನ ಮೊಮ್ಮಗಳು ಗೌರಿ ಓಡಿದಳು! ಶಾಲಾ ಮಕ್ಕಳ ಓಟದ ಪಂದ್ಯಕ್ಕೆ ಹೋಗಿ, ಮಡಕಶಿರಾದ ಮೈದಾನದಲ್ಲಿ ಎರಡು ಸುತ್ತು ಓಡಿ ಮುಗಿಸಿದಳು. ಎಲ್ಲರಿಗಿಂತ ಕೊನೆಗೆ ಬಂದಳು. ಬಂದಳಲ್ಲ, ನನಗೆ ಅಷ್ಟು ಸಾಕು. ರಾಯದುರ್ಗದ ನಮ್ಮ ಓಣಿಯಲ್ಲಿ ಹೇಳಿ ಹೇಳಿ ಗಂಟಲು ಕಟ್ಟಿದೆ, ಇನ್ನು ಬರೆದೇ ಹೇಳಬೇಕು.

ನಾಲ್ಕು ವರ್ಷದ ಹಿಂದೆ ಅಡುಗೆಮನೆಯಲ್ಲಿ ಗ್ಯಾಸ್ ಹೊತ್ತಿಕೊಂಡಾಗ ನನ್ನ ಸೊಸೆ ಈ ಮಗುವನ್ನು ಹೊರಗೆ ನೂಕಿ ತಾನು ಒಳಗೇ ಉಳಿದುಬಿಟ್ಟಳು. ಗೌರಿಯ ಎರಡೂ ತೋಳು, ಬೆನ್ನು ಸುಟ್ಟವು. ಗಾಯ ಮಾಯಿತು, ಕಲೆ ಉಳಿಯಿತು. ನಾನು ಜೀನ್ಸ್ ಹೊಲಿಯುವವನು. ಯಾರ ಕಣ್ಣಿಗೂ ಬೀಳದಿರಲೆಂದು ಅವಳ ಅಂಗಿಗಳಿಗೆಲ್ಲ ದಪ್ಪ ಬಟ್ಟೆಯ ಉದ್ದ ತೋಳು ಹೊಲಿದುಕೊಟ್ಟೆ. ಈ ವರ್ಷ ಶಾಲೆಯಲ್ಲಿ ಓಡುವಾಗ ಎರಡು ಸಲ ಬಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ನಿಶ್ಶಕ್ತಿಯೆಂದು ಮೊಟ್ಟೆ ತಿನ್ನಿಸಿದೆವು. "ಇನ್ನೊಂದ್ ಸಲ ಬಿದ್ರ ಓಟ ಬಂದ್" ಎಂದ ನನ್ನ ಮಗ, ಗೌರಿಯ ಅಪ್ಪ.

ಪಂದ್ಯದ ದಿನ ಬೆಳಗಿನ ಐದಕ್ಕೆ ನಾನು, ಗೌರಿ ಇಬ್ಬರೇ ಹೊರಟೆವು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಕಂಡಕ್ಟರು ನನಗೊಬ್ಬನಿಗೇ ಟಿಕೆಟ್ ಹರಿದು, "ಹೆಣ್ಣಾಗಿ ಹುಟ್ಟಬೇಕಿತ್ತು ನೋಡ್ರಿ ತಾತಾ" ಎಂದು ನಕ್ಕ. ಕಲ್ಯಾಣದುರ್ಗದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆವು. ಪಾವಗಡ ದಾಟುವಾಗ ಗೌರಿ ಕಿಟಕಿ ಕಡೆ ಮುಖ ಮಾಡಿಯೇ ಕೇಳಿದಳು: "ತಾತಾ, ಅಮ್ಮ ಇದ್ದಿದ್ರ ಬರ್ತಿದ್ಲಾ?"

"ನಮ್ಮಿಬ್ಬರಿಗಿಂತ ಮುಂದ ಬಸ್ ಹತ್ತಿರ್ತಿದ್ಲವ್ವ."

ಮೈದಾನ ಸೇರಿದಾಗ ಹತ್ತು ಗಂಟೆ. ಆಗಲೇ ಬಿಸಿಲು ಚುರುಗುಡುತ್ತಿತ್ತು. ನಾಲ್ಕು ಹೆಜ್ಜೆ ಓಡಿ ನೋಡುವಷ್ಟರಲ್ಲಿ ಗೌರಿಯ ಮುಖ ಕೆಂಪೇರಿತು. ಅಲ್ಲಿನ ಆಟದ ಮೇಡಂ ಬಂದು ಅವಳ ಕತ್ತು ಮುಟ್ಟಿ, ಅಂಗಿಯ ತೋಳು ಸರಿಸಿ ನೋಡಿದರು.

"ಯಾಕ್ ತಾತ, ಈ ಮಗೂಗೆ ಕಂಬ್ಳಿ ಹೊದ್ಸಿದ್ದೀರಾ? ಹಿಂಗೆ ಸುಟ್ಟಿರೋ ಚರ್ಮ ಬೆವ್ರಲ್ಲ. ಒಳಗಿನ್ ಕಾವು ಎಲ್ಲಿಂದ ಹೋಗ್ಬೇಕು?"

ಹಾಗಾದರೆ ಶಾಲೆಯಲ್ಲಿ ಅವಳನ್ನು ಬೀಳಿಸಿದ್ದು ನನ್ನ ಹೊಲಿಗೆಯೇ. ನೂಲು ಕತ್ತರಿಸುವ ಪುಟ್ಟ ಕತ್ತರಿ ಯಾವಾಗಲೂ ಜೇಬಿನಲ್ಲಿರುತ್ತದೆ. ಹುಣಸೆ ಮರದ ಕೆಳಗೆ ಕೂತು ಅಂಗಿಯ ತೋಳು ಬಿಚ್ಚತೊಡಗಿದೆ. ಗಟ್ಟಿಯಾಗಿರಲೆಂದು ಜೋಡಿ ಹೊಲಿಗೆ ಹಾಕಿದ್ದೆ. ಬೇಗ ಬಿಡಲೊಲ್ಲದು, ಒಂದೊಂದೇ ನೂಲು ಕತ್ತರಿಸಿದೆ.

"ಎಲ್ಲಾರೂ ನೋಡ್ತಾರ ತಾತಾ" ಎಂದಳು ಗೌರಿ.

"ನೋಡ್ಲಿ ಬಿಡು. ಅವ್ರೇನು ನಿನ್ ಬದ್ಲು ಓಡ್ತಾರಾ?" ಎಂದರು ಮೇಡಂ.

ಕಲೆಯ ಮೇಲೆ ಬಿಸಿಲೂ ಬೀಳಬಾರದಂತೆ. ಸರದಿ ಬರುವ ತನಕ ಚೀಲದಲ್ಲಿದ್ದ ನನ್ನ ಹಳೇ ಪಂಚೆ ಒದ್ದೆ ಮಾಡಿ ಹೊದ್ದು, ಗುಟುಕು ಗುಟುಕಾಗಿ ನೀರು ಕುಡಿಯುತ್ತ ನೆರಳಲ್ಲೇ ಕೂತಳು. ಓಟ ಶುರುವಾಯಿತು. ಎರಡನೇ ಸುತ್ತಿನಲ್ಲಿ ಗೌರಿ ನಿಂತುಬಿಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೇಡಂ ಅವಳ ನೆತ್ತಿ, ತೋಳಿಗೆ ಚೊಂಬಿನ ನೀರು ಸುರಿಯುತ್ತಿದ್ದರು. ಗೌರಿ ಸ್ವಲ್ಪ ದೂರ ನಡೆದಳು. ಮತ್ತೆ ಓಡಿದಳು. ಬೀಳಲಿಲ್ಲ.

ಸಂಜೆ ಮನೆಗೆ ಬಂದಾಗ ನನ್ನ ಹೆಂಡತಿ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿ ಕಾಯುತ್ತಿದ್ದಳು. ನನ್ನ ಮಗ ಗೌರಿಯ ಬರಿತೋಳು ನೋಡಿದವನು ನಿಂತಲ್ಲೇ ನಿಂತ. ಮಗಳು ಆಸ್ಪತ್ರೆಯಿಂದ ಬಂದ ಮೇಲೆ ಅವನು ಆ ಕಲೆಗಳನ್ನು ನೋಡೇ ಇರಲಿಲ್ಲ.

"ಅಪ್ಪಾ, ನಾ ಬೀಳ್ಲಿಲ್ಲ. ತೋಳಿಗೆ ನೀರ್ ಹಾಕಿದ್ರ ಕಾವು ಇಳೀತದಂತ. ಬಾ, ಕೂಡು" ಎಂದಳು ಗೌರಿ.

ಅವನು ಹೆಗಲ ಟವೆಲ್ಲನ್ನು ಚೊಂಬಿನ ನೀರಿನಲ್ಲಿ ಅದ್ದಿ, ಹಿಂಡಿ, ಮಗಳ ತೋಳಿನ ಮೇಲೆ ಮೆತ್ತಗೆ ಹಾಸಿ ಪಕ್ಕದಲ್ಲಿ ಕೂತ. ಆಮೇಲೆ ನಾವು ನಾಲ್ವರೂ ಉಂಡೆವು.