ದೃಷ್ಟಿ ತಾಟು

ಭತ್ತದ ಹುಲ್ಲಿಗೆ ಒಂದು ವಾಸನೆ ಇರುತ್ತದೆ. ಹೊಸ ಹುಲ್ಲಿನದಲ್ಲ, ವರ್ಷಗಟ್ಟಲೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ತೆಗೆದಾಗ ಬರುವಂಥದು. ಧೂಳು ಮತ್ತು ಹಳೆಯ ಬೆಲ್ಲ ಕೂಡಿದ ಹಾಗೆ. ಇಂದು ಮುಂಜಾನೆ ಸದಾಶಿವನಗರದ ನಮ್ಮ ಮನೆಯ ಅಟ್ಟದಿಂದ ಮಗಳು ಅಂಥದೊಂದು ಪೆಟ್ಟಿಗೆ ಇಳಿಸಿದಳು.

"ಅವ್ವಾ, ದೊಡ್ಡವ್ವನ ತಾಟು ಇವತ್ತರ ತಗಿಯೂಣು. ಅಟ್ಟದ ಮ್ಯಾಲ ಇಟ್ಟು ಪೂಜಾ ಮಾಡ್ತಿಯೇನ?"

ಮಗಳು ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳ ಜೊತೆಯ ನಾಲ್ವರು ಮಧ್ಯಾಹ್ನ ಊಟಕ್ಕೆ ಬರುವವರಿದ್ದರು. ನಾನು ಬದನೆಕಾಯಿಗೆ ಮಸಾಲೆ ತುಂಬುತ್ತಿದ್ದೆ. ಹುಲ್ಲಿನ ವಾಸನೆ ಅಡುಗೆಮನೆಗೆ ಬಂದಾಗ ಕೈ ತಾನಾಗಿ ನಿಂತಿತು. ನಿಮಗೆ ನಗು ಬರಬಹುದು. ಜನ ಹಾವಿಗೆ ಹೆದರುತ್ತಾರೆ, ಹಲ್ಲಿಗೆ ಹೆದರುತ್ತಾರೆ. ನಾನು ತಾಟಿಗೆ ಹೆದರುತ್ತೇನೆ. ಅದರಲ್ಲೂ ಹಸಿರು ಮತ್ತು ನೀಲಿ ತಾಟಿಗೆ.

ಈ ತಾಟುಗಳು ನನ್ನ ಅಕ್ಕ ಗಿರಿಜಕ್ಕನವು. ಅವಳನ್ನು ಖಾನಾಪುರಕ್ಕೆ ಕೊಟ್ಟಿತ್ತು. ಅಲ್ಲಿಯ ಮಣ್ಣು ಕುಂಬಾರಿಕೆಗೆ ಒಳ್ಳೆಯದೆಂದು ಹೆಸರಾದದ್ದು. ಭಟ್ಟಿಯಲ್ಲಿ ಸುಟ್ಟು, ಬಣ್ಣದ ಹೊಳಪು ಕೊಟ್ಟ ಮೇಲೆ ತುಸು ಸೊಟ್ಟಗಾದ ತಾಟು, ವಾಟಿ ಎನ್ನುವ ಬಟ್ಟಲು, ಲೋಟಗಳನ್ನು ಅವಳು ಒಂದೊಂದಾಗಿ ಆರಿಸಿ ತರುತ್ತಿದ್ದಳು. ಹಳದಿ, ಕೆಂಪು, ಹಸಿರು, ನೀಲಿ, ಜೇನಿನ ಬಣ್ಣ. ಯಾವುದೂ ಪೂರಾ ದುಂಡಗಿರಲಿಲ್ಲ. "ನಾವೇನ ಭಾಳ ದುಂಡಗ ಅದೇವಿ?" ಎನ್ನುತ್ತಿದ್ದಳು.

ನಾವು ಶಹಾಪುರದ ನೇಕಾರರ ಮನೆಯ ಹೆಣ್ಣುಮಕ್ಕಳು. ಅಪ್ಪನ ಮಗ್ಗದ ಕಟಕಟ ಕೇಳುತ್ತಲೇ ಊಟ, ಅದನ್ನು ಕೇಳುತ್ತಲೇ ಅಭ್ಯಾಸ. ಮಗ್ಗ ಹೋದರೂ ಅಕ್ಕನ ಕೈಯಿಂದ ಸೀರೆ ಹೋಗಲಿಲ್ಲ. ಅವಳು ಊಟದ ಮೇಜಿಗೆ ಸೀರೆ ಉಡಿಸುತ್ತಿದ್ದಳು. ಬಟ್ಟೆಯ ಸೀರೆಯಲ್ಲ, ತಾಟಿನ ಸೀರೆ. ನಡುವೆ ಸಾಲಾಗಿ ಇಟ್ಟ ತಾಟುಗಳು ಸೀರೆಯ ಒಡಲು. ಮೇಜಿನ ಎರಡೂ ಅಂಚಿಗೆ ಇಟ್ಟ ವಾಟಿ, ಲೋಟಗಳು ದಡಿ. ಆ ತುದಿಗೆ ರೊಟ್ಟಿಯ ಬುಟ್ಟಿ, ಕಡಲೆಹಿಟ್ಟಿನ ಝುಣಕ, ಚಟ್ನಿ, ಕೋಸಂಬರಿಗಳನ್ನು ಒತ್ತಾಗಿ ಜೋಡಿಸಿದ್ದು ಸೆರಗು. ತಿಂಗಳಿಗೊಂದು ರವಿವಾರ ನಾವು ಬೆಳಗಾವಿಯಿಂದ ಬಸ್ಸಿಗೆ ಹೋಗುತ್ತಿದ್ದೆವು. ಪ್ರತಿ ಸಲ ಹೊಸ ಸೀರೆ. ಯಾವ ಸೀರೆ ಎಂದು ಹೆಸರು ಹೇಳದೆ ಯಾರೂ ಕುಳಿತುಕೊಳ್ಳುವಂತಿರಲಿಲ್ಲ. ದಾಳಿಂಬರ ಒಡಲಿಗೆ ಹಳದಿ ದಡಿ, ಗಿಣಿ ಹಸಿರಿಗೆ ಕೆಂಪು ದಡಿ, ಹೀಗೆ.

ಅಕ್ಕನ ಗಂಡ, ನಾವು ಮಾವಾರು ಎನ್ನುವವರು, ಮರಾಠಿ ಸಾಲಿಯಲ್ಲಿ ಮಾಸ್ತರರಾಗಿ ನಿವೃತ್ತರಾದವರು. ಅವರು ಒಂದು ಸಲವೂ ಸರಿ ಹೇಳಿದವರಲ್ಲ.

"ನನಗ ಎರಡ ಸೀರಿ ಗೊತ್ತು ನೋಡ್ರಿ," ಎನ್ನುತ್ತಿದ್ದರು. "ಒಂದ ತೊಳದದ್ದು, ಒಂದ ತೊಳೀಬೇಕಾದ್ದು."

"ಹಂಗಾರ ತೊಳೀಬೇಕಾದ್ದ ಉಟಗೊಂಡ ಅಡಗಿ ಮನ್ಯಾಗ ಕುಂದರ್ರಿ, ಊಟ ಅಲ್ಲೇ ಹಾಕ್ತೀನಿ," ಎಂದು ಅಕ್ಕ.

ನಾನೂ ಮನೆಗೆ ಬಂದು ಇದನ್ನು ಮಾಡಿ ನೋಡಿದೆ. ನನ್ನ ಮೇಜಿನ ಮೇಲೆ ಸೀರೆ ಬರಲಿಲ್ಲ, ಸಂತೆಯ ಭಾಂಡಿ ಅಂಗಡಿ ಬಂತು. ಕೆಲವರ ಕೈಯ ಮಾತನ್ನು ಮಾತ್ರ ಬಣ್ಣಗಳು ಕೇಳುತ್ತವೆ.

ಈಗ ಅಪ್ಪನ ಒಂದು ವಿಷಯ ಹೇಳಬೇಕು. ಅಪ್ಪ ಪ್ರತಿ ಸೀರೆಯ ದಡಿಯಲ್ಲಿ ಬೇಕೆಂದೇ ಒಂದು ತಪ್ಪು ಎಳೆ ಹಾಕುತ್ತಿದ್ದರು. ಕೆಂಪು ದಡಿಯಲ್ಲಿ ಒಂದೇ ಒಂದು ಹಳದಿ, ಹುಡುಕಿದರೆ ಮಾತ್ರ ಸಿಗುವಂತೆ. ಅದಕ್ಕೆ ದೃಷ್ಟಿ ಎಳೆ ಎಂದು ಹೆಸರು. ಪೂರಾ ಚಂದವಾದದ್ದಕ್ಕೆ ದೃಷ್ಟಿ ತಾಗುತ್ತದೆ, ಒಂದು ತಪ್ಪಿದ್ದರೆ ತಾಗುವುದಿಲ್ಲ ಎಂಬುದು ಅವರ ನಂಬಿಕೆ. ಕೊನೆಕೊನೆಗೆ ಒಂದು ಸೀರೆಯಲ್ಲಿ ಎರಡು ಎಳೆ ಬಂದವು, ಆಮೇಲೆ ನಾಲ್ಕು. ಸೀರೆ ಒಯ್ಯಲು ಬಂದ ವ್ಯಾಪಾರಿ ಅಂಗಳದಲ್ಲಿ ನಿಂತು, "ಎಷ್ಟ ಮಂದಿ ದೃಷ್ಟಿ ತಗೀತೀರಿ ಕಾಕಾ?" ಎಂದು ನಕ್ಕ. ಅಪ್ಪನೂ ನಕ್ಕರು. ಮುಂದೆ ಒಂದು ವರ್ಷದಲ್ಲಿ ನಾನು ಅವರ ಕೈ ಹಿಡಿದು ಶಹಾಪುರದ ಓಣಿಯಲ್ಲಿ ನಡೆಸಬೇಕಾಯಿತು. ವಯಸ್ಸಾಯಿತು, ಕಣ್ಣು ಹೋದವು ಎಂದುಕೊಂಡೆವು. ಯಾರೂ ಬೇರೆ ವಿಚಾರ ಮಾಡಲಿಲ್ಲ.

ಏಳು ವರ್ಷದ ಹಿಂದಿನ ಒಂದು ರವಿವಾರ, ಖಾನಾಪುರದ ಮೇಜಿನ ಮೇಲೆ ಗಿಣಿ ಹಸಿರು ಸೀರೆ ಇತ್ತು. ಹಸಿರು ತಾಟುಗಳ ಸಾಲಿನಲ್ಲಿ ನಾಲ್ಕನೆಯದು ನೀಲಿ.

"ಅಕ್ಕಾ, ಇದೊಂದ ನೀಲಿ ಐತಲ್ಲ?" ಎಂದೆ.

ಅವಳು ಬಗ್ಗಿ ತಾಟನ್ನು ಹತ್ತಿರದಿಂದ ನೋಡಿ, "ಗೊತ್ತೈತಿ. ದೃಷ್ಟಿಗೆ ಇಟ್ಟೇನಿ. ಅಪ್ಪ ಹಾಕತಿದ್ದಿಲ್ಲೇನ ದೃಷ್ಟಿ ಎಳಿ? ಇದು ದೃಷ್ಟಿ ತಾಟು," ಎಂದಳು.

ಎಲ್ಲರೂ ಭೇಷ್ ಎಂದರು. ಮಾವಾರು ಆ ತಾಟು ತಮಗೇ ಬೇಕೆಂದು ಎಳೆದುಕೊಂಡರು. ನಾನೂ ನಕ್ಕೆ. ಆದರೆ ಅವಳು ಹಾಗೆ ಬಗ್ಗಿ ನೋಡಿದ್ದು ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಮುಂದಿನ ತಿಂಗಳು ಎರಡು ದೃಷ್ಟಿ ತಾಟುಗಳಿದ್ದವು. ಅದರ ಮುಂದಿನ ತಿಂಗಳು ನಾನು ಸೀರೆ ನೋಡಲಿಲ್ಲ, ಅಕ್ಕನ ಕೈ ನೋಡುತ್ತಾ ಕುಳಿತೆ. ವಾಟಿ ಇಡುವ ಮೊದಲು ಅವಳ ಕಿರುಬೆರಳು ತಾಟಿನ ಅಂಚನ್ನು ಮುಟ್ಟಿ ನೋಡುತ್ತಿತ್ತು. ನೀರು ಹಾಕುವಾಗ ತೋರುಬೆರಳನ್ನು ಲೋಟದೊಳಗೆ ಇಳಿಬಿಡುತ್ತಿದ್ದಳು. ನೀರು ಬೆರಳಿಗೆ ತಾಗಿದಾಗ ಚರಿಗೆ ಎತ್ತುತ್ತಿದ್ದಳು. ಬಾಜು ನಿಂತವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಯಿತು. ಅಪ್ಪನೂ ಹೀಗೆಯೇ ಬೆರಳಿನಿಂದ ಎಳೆ ಎಣಿಸುತ್ತಿದ್ದರು.

ನಾನು ಏನು ಮಾಡಿದೆ ಎಂದು ನೀವು ಕೇಳಬಹುದು. ಏನೂ ಮಾಡಲಿಲ್ಲ. ಹೇಳಿದರೆ ಅದು ಖರೆಯಾಗುತ್ತದೆ ಎಂದು ಹೆದರಿದೆ. ಖರೆಯಾದರೆ ಅಪ್ಪನಿಂದ ಅಕ್ಕನಿಗೆ ಬಂದದ್ದು ಅಲ್ಲಿಗೇ ನಿಲ್ಲುತ್ತದೆಯೇ ಎಂದು ಇನ್ನೂ ಹೆದರಿದೆ. ನನ್ನ ಸಲುವಾಗಿ ಹೆದರಿ ಅಕ್ಕನ ವಿಷಯ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಮರಳುವಾಗ ಕಿಟಕಿಯಿಂದ ಅಂಗಡಿಗಳ ಬೋರ್ಡು ಓದುತ್ತಾ ಬರುತ್ತಿದ್ದೆ. ಒಂದು ಅಕ್ಷರ ಮಸುಕಾದರೂ ಬೆವರು ಬರುತ್ತಿತ್ತು. ಬಸ್ಸು ಓಡುವಾಗ ಯಾರಿಗಾದರೂ ಮಸುಕೇ ಕಾಣುತ್ತದೆ ಎಂಬ ಬುದ್ಧಿ ಆಗ ಇರಲಿಲ್ಲ.

ಹೀಗೆ ಆರು ತಿಂಗಳು ಕಳೆದವು. ಒಂದು ದಿನ ಅಕ್ಕ ಹಳದಿ ತಾಟು ಹಿಡಿದು ಮೇಜಿನ ತುದಿಗೆ ಬಂದಳು. ಕೈ ಚಾಚಿ, ಮೇಜಿನಿಂದ ಒಂದು ಗೇಣು ಆಚೆ, ಬರೀ ಗಾಳಿಯಲ್ಲಿ, ಮೆಲ್ಲಗೆ ತಾಟನ್ನು ಇಟ್ಟು ಕೈ ಬಿಟ್ಟಳು. ಒಡೆದ ಸದ್ದಿಗೆ ಎಲ್ಲರೂ ಎದ್ದು ನಿಂತೆವು. ಅವಳು ಮಾತ್ರ ಅಲುಗಲಿಲ್ಲ.

"ತಂಗಿ," ಎಂದಳು, ಬಹಳ ಸಣ್ಣ ದನಿಯಲ್ಲಿ, "ಮೇಜ ಇಲ್ಲೇ ಇತ್ತಲ್ಲ?"

ಮರುದಿನವೇ ಬೆಳಗಾವಿಯ ಕಣ್ಣಿನ ದವಾಖಾನೆಗೆ ಕರೆತಂದೆವು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತ ಬಂದಿದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಕಾಯಬಹುದು, ಸ್ವಲ್ಪ ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, "ನೀವು ತಂಗಿ ಏನ್ರಿ? ನೀವೂ ತೋರಸ್ಕೋಬೇಕು. ಇದು ಮನೆತನದಾಗ ಬರ್ತದ," ಎಂದರು.

ಹೊರಗಿನ ಬೆಂಚಿನ ಮೇಲೆ ಅಕ್ಕ ನನ್ನ ಕೈ ಹುಡುಕಿ ಹಿಡಿದಳು. "ನಿನಗ ಗೊತ್ತಿತ್ತಲ್ಲ ತಂಗಿ?"

ನಾನು ಇನ್ನೊಂದು ಕೈಯಿಂದ ಔಷಧಿ ಚೀಟಿಯನ್ನು ಚೀಲಕ್ಕೆ ತುರುಕಿದೆ. "ನಾನರ ಎಲ್ಲಿ ಹೇಳಿದ್ನಿ? ದೃಷ್ಟಿ ತಾಟು ಅಂತ ನಿಮಗೆಲ್ಲಾ ಮಂಕಬೂದಿ ಎರಚಿದ್ನಿ," ಎಂದು ತಾನೇ ನಕ್ಕಳು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಕೆಲವು ತಿಂಗಳಿಗೆ ಹುಲ್ಲಿನಲ್ಲಿ ಸುತ್ತಿದ ತಾಟುಗಳ ಪೆಟ್ಟಿಗೆ ನಮ್ಮ ಮನೆಗೆ ಬಂತು. "ನೀ ಇಟಗೋ. ನನಗ ಇನ್ನ ಎಲ್ಲಾ ತಾಟೂ ಒಂದ ಬಣ್ಣ," ಎಂದು ಹೇಳಿ ಕಳಿಸಿದ್ದಳು. ಅದನ್ನು ಅಟ್ಟಕ್ಕೆ ಏರಿಸಿದೆ. ಡಾಕ್ಟರು ಹೇಳಿದ ತಪಾಸಣೆಯನ್ನೂ ಅದರ ಜೊತೆಗೇ ಏರಿಸಿಟ್ಟೆ. ಶ್ರಾವಣ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ, ಮಳೆ ನಿಲ್ಲಲಿ. ಆರು ವರ್ಷ ಹೀಗೆಯೇ ಹೋದವು. ಮನೆಯಲ್ಲಿ ಸ್ಟೀಲಿನ ತಾಟು ಮಾತ್ರ ಬಳಸಿದೆ. ಸ್ಟೀಲಿಗೆ ಬಣ್ಣವಿಲ್ಲ, ಅದು ಯಾರನ್ನೂ ಪರೀಕ್ಷೆ ಮಾಡುವುದಿಲ್ಲ.

ಇಂದು ಮಗಳು ಪೆಟ್ಟಿಗೆ ಬಿಚ್ಚಿ, ತಾಟುಗಳನ್ನು ತೊಳೆದು ಒಂದರ ಮೇಲೊಂದು ಇಟ್ಟು, ಸಿಹಿಗೆ ಕುಂದಾ ತರಲು ಹೋದಳು. ಹೋಗುತ್ತಾ, "ದೊಡ್ಡವ್ವನಂಗ ಸೀರಿ ಉಡಿಸಿ ಇಡು, ಎಲ್ಲಾರೂ ನೋಡ್ಲಿ," ಎಂದಳು. ನಾನು ಆ ಬಣ್ಣಗಳ ಮುಂದೆ ಒಬ್ಬಳೇ ಉಳಿದೆ.

ಗಿಣಿ ಹಸಿರೇ ಉಡಿಸೋಣ ಎಂದುಕೊಂಡೆ. ಯಾಕೆ ಅದೇ ಬೇಕಿತ್ತೋ. ಹಲ್ಲು ನೋಯುವಾಗ ನಾಲಿಗೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ. ಆರು ಹಸಿರು ತಾಟು ಬೇಕಿತ್ತು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಒಯ್ದೆ, ತಿರುಗಿಸಿ ನೋಡಿದೆ, ಹಸಿರು ಎಂದು ಬಾಯಿಬಿಟ್ಟು ಹೇಳಿದೆ, ತಂದು ಇಟ್ಟೆ. ಸಾಲಿಯಲ್ಲಿ ಮಗ್ಗಿ ಒಪ್ಪಿಸುವಾಗ ಹೀಗೆಯೇ ಎದೆ ಹೊಡೆದುಕೊಳ್ಳುತ್ತಿತ್ತು. ದಡಿಗೆ ಕೆಂಪು ವಾಟಿಗಳನ್ನಿಟ್ಟೆ. ಕೆಂಪಿನ ಬಗ್ಗೆ ನನಗೆ ಸಂಶಯವಿರಲಿಲ್ಲ. ಸೆರಗಿನ ಕಡೆ ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ ಇಟ್ಟು ದೂರ ನಿಂತು ನೋಡಿದೆ. ಚಂದ ಕಂಡಿತು. ನನ್ನ ಕೈಗೂ ಒಮ್ಮೆ ಸೀರೆ ಬಂತು ಎಂದು ಉಬ್ಬಿದೆ.

ಮಗಳು ಒಳಗೆ ಬಂದು ಚೀಲ ಕೆಳಗಿಟ್ಟು ಮೇಜು ನೋಡಿದಳು. "ಅಗದಿ ಬರೋಬ್ಬರಿ ಆಗೇತಿ ಅವ್ವಾ," ಎಂದಳು. ಆಮೇಲೆ, "ಇದೊಂದ ಯಾಕ ನೀಲಿ ಇಟ್ಟಿ?"

ಅವಳ ಬೆರಳು ಐದನೆಯ ತಾಟಿನ ಮೇಲಿತ್ತು.

ನನ್ನ ನಾಲಿಗೆಯ ತುದಿಗೆ ಉತ್ತರ ಸಿದ್ಧವಾಗಿಯೇ ಬಂದಿತ್ತು. ಅಪ್ಪನದು, ಅಕ್ಕನದು, ಈಗ ನನ್ನದು. ಅಷ್ಟು ಅಂದಿದ್ದರೆ ಮಗಳು ನಗುತ್ತಿದ್ದಳು, ಬಂದವರು ಭೇಷ್ ಎನ್ನುತ್ತಿದ್ದರು, ಪೆಟ್ಟಿಗೆ ಮತ್ತೆ ಅಟ್ಟಕ್ಕೆ ಹೋಗುತ್ತಿತ್ತು. ದೃ ಎಂಬ ಅಕ್ಷರ ಹೊರಗೆ ಬಂದೇ ಬಿಟ್ಟಿತ್ತು. ಅಲ್ಲಿಗೆ ನಿಲ್ಲಿಸಿದೆ.

"ಅದು ನೀಲಿ ಏನ?" ಎಂದು ಕೇಳಿದೆ. "ನನಗ ಹಸರ ಕಂಡತಿ. ಕಿಟಕ್ಯಾಗ ಹಿಡದ ನೋಡಿದ್ನಿ, ಆದ್ರೂ ಹಸರ ಕಂಡತಿ."

ಮಗಳ ಮುಖದ ನಗು ಇಳಿಯುವುದನ್ನು ನೋಡಿದೆ. ಅದು ಮಾತ್ರ ಸ್ವಚ್ಛ ಕಂಡಿತು. ಅವಳು ಹೊರಗೆ ಹೋಗಿ ಕಣ್ಣಿನ ದವಾಖಾನೆಗೆ ಫೋನು ಹಚ್ಚಿದಳು. ನಾಳೆ ಮುಂಜಾನೆ ಹತ್ತೂವರೆಗೆ ಬರಹೇಳಿದ್ದಾರೆ. ಅದೇ ದವಾಖಾನೆ, ಬಹುಶಃ ಅದೇ ಬೆಂಚು.

ನೀಲಿ ತಾಟನ್ನು ನಾನು ಬದಲಿಸಲಿಲ್ಲ. ಬಂದವರನ್ನು ಕೂಡಿಸಿ, ನಾನೇ ಅದರಲ್ಲಿ ಉಂಡೆ. ಅವರ ಹರಟೆ ಏನೂ ಕಿವಿಗೆ ಬೀಳಲಿಲ್ಲ. ತಾಟಿನ ನಡುವೆ ಅನ್ನ ಬೆಳ್ಳಗಿತ್ತು. ಅದನ್ನೇ ನೋಡುತ್ತಾ ಉಂಡೆ.

ಎಲ್ಲರೂ ಹೋದ ಮೇಲೆ ಖಾನಾಪುರಕ್ಕೆ ಫೋನು ಮಾಡಿದೆ. ತಾಟು ತೆಗೆದ ಸುದ್ದಿ ಕೇಳಿ ಅಕ್ಕನಿಗೆ ಹಿಗ್ಗು. "ಯಾವ ಸೀರಿ ಉಡಿಸಿದ್ದಿ?"

"ಗಿಣಿ ಹಸರು. ಒಂದ ತಾಟ ತಪ್ಪೇನಿ ಅಕ್ಕಾ."

ಆ ಕಡೆ ಮಾವಾರು ಯಾರೊಂದಿಗೋ ಮರಾಠಿಯಲ್ಲಿ ಮಾತಾಡುವುದು ಕೇಳುತ್ತಿತ್ತು.

"ದೃಷ್ಟಿಗೆ ಅಂದ್ಯೇನ?"

"ಇಲ್ಲ. ಕಾಣಲಿಲ್ಲ ಅಂದ್ನಿ. ನಾಳಿ ಹೋಗಾಕತ್ತೇನಿ. ಭಾಳ ಅಂಜಿಕಿ ಬರಾಕತ್ತೇತಿ ಅಕ್ಕಾ."

"ಬರ್ಲಿ. ನಾವೂ ಮುಂಜಾನಿ ಬಸ್ಸಿಗೆ ಬರ್ತೀವಿ. ಆ ಬೆಂಚಿನ ಮ್ಯಾಲ ಕುಂದ್ರೂದು ನನಗ ರೂಢಿ ಐತಿ," ಎಂದಳು.

ಫೋನಿಟ್ಟು ತಾಟುಗಳನ್ನು ತೊಳೆಯಲು ನಿಂತೆ. ತೊಳೆದವೆಲ್ಲ ಸಾಲಾಗಿ ಒರಗಿದ್ದವು, ಎಲ್ಲವೂ ನನಗೆ ಒಂದೇ ಹಸಿರು. ಮಗಳನ್ನು ಕರೆದು ನೀಲಿ ಯಾವುದೆಂದು ಕೇಳಿದೆ. ಅವಳು ನನ್ನ ಕೈ ಹಿಡಿದು ಅದರ ಮೇಲೆ ಇಟ್ಟಳು. ಅಂಚಿನಲ್ಲಿ ಒಂದು ಕಡೆ ತುಸು ಸೊಟ್ಟಗಿತ್ತು. ಆ ಸೊಟ್ಟನ್ನು ಬೆರಳಿಗೆ ಗುರುತು ಮಾಡಿಸಿ, ತಾಟನ್ನು ಬೇರೆ ಇಟ್ಟೆ.