ಚಿಗವ್ವ ತಂಬಾಕು ಬಿಟ್ಟ ಕಾರಣಗಳು

ಅಥವಾ ಅವತ್ತು ಮೊದಲು ನಕ್ಕಿದ್ದು ಚಿಗವ್ವನೇ ಇರಬೇಕು. ಈ ಪ್ರಸಂಗವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲ ಬೇರೆ ಯಾರೋ ಮೊದಲು ನಗುತ್ತಾರೆ. ಒಮ್ಮೆ ಅಂಗಳದಲ್ಲಿ ಬಿಸಿಲಿರುತ್ತದೆ, ಇನ್ನೊಮ್ಮೆ ಮೋಡ. ಬದಲಾಗದೆ ಉಳಿದದ್ದು ಒಂದೇ: ಚಿಗವ್ವನ ಬಾಯೊಳಗೆ ಅವಳ ಮೂರು ಬೆರಳು ಹೋಗಲಿಲ್ಲ.

ಚಿಗವ್ವ ನನ್ನ ತಾಯಿಯ ತಂಗಿ. ಸಂಶೋಧನೆಗೆಂದು ಬಂದಿದ್ದ ನಾನು ಬಂಡ್ರಿಯಲ್ಲಿ ಅವಳ ಮನೆಯಲ್ಲೇ ಇದ್ದೆ. ನಾನು ಅರ್ಥಶಾಸ್ತ್ರದವಳು. ಶಾಲೆಯಲ್ಲಿ ಮಕ್ಕಳಿಗೆ ತಂಬಾಕಿನ ಬಗ್ಗೆ ಪಾಠ ಮಾಡಿದರೆ ಮನೆಯಲ್ಲಿ ದೊಡ್ಡವರು ಅದನ್ನು ಬಿಡುತ್ತಾರೆಯೇ ಎಂಬುದು ನನ್ನ ಪ್ರಶ್ನೆ. ಕೆಲವು ಊರುಗಳಲ್ಲಿ ಪಾಠ ಮಾಡಿಸುವುದು, ಕೆಲವು ಊರುಗಳಲ್ಲಿ ಮಾಡಿಸದೆ ಬಿಡುವುದು, ಆಮೇಲೆ ಎರಡೂ ಕಡೆ ಮನೆಮನೆಗೆ ಹೋಗಿ ಕೇಳುವುದು. ಆದರೆ ಯಾರೋ ಬಂದು ನೀವು ಏನು ಜಗಿಯುತ್ತೀರಿ ಎಂದರೆ ಯಾರು ಹೇಳುತ್ತಾರೆ? ಹಾಗಾಗಿ ಚಿಗವ್ವ ಜೊತೆಗೆ ಬರುತ್ತಿದ್ದಳು. ದವಡೆಯಲ್ಲಿ ಎಲೆ, ಅಡಿಕೆ, ತಂಬಾಕು ಒತ್ತಿಕೊಂಡು ಬಾಗಿಲಲ್ಲಿ ನಿಂತು, “ನಮ್ಮಕ್ಕನ ಮಗಳು. ಕೇಳಿದ್ದಕ್ಕ ಖರೇ ಹೇಳ್ರಿ, ತಂಬಾಕ ತಿಂತೀರೋ ಇಲ್ಲೋ?” ಎನ್ನುತ್ತಿದ್ದಳು.

“ಮೊದಲ ನಿನ್ನ ಬಾಯಿ ತೊಳ್ಕಂಡ್ ಬಾ ಹೋಗು,” ಎಂದಳು ಒಬ್ಬ ನೆರೆಯವಳು.

“ನಾ ಎಲ್ಲಿ ಕೇಳಾಕ ಬಂದೀನಿ? ಕೇಳಾಕಿ ಅಕಿ. ನಾ ಬರೇ ನಿಂತೀನಿ.”

ಸಂಶೋಧನೆಯ ನಿಯಮಕ್ಕೆ ಇದು ಸರಿಯಲ್ಲ. ಆದರೆ ಆ ಊರಿನಲ್ಲಿ ನನಗೆ ಸಿಕ್ಕ ಪ್ರತಿಯೊಂದು ನಿಜವಾದ ಉತ್ತರವೂ ಅವಳು ಹಾಗೆ ನಿಂತದ್ದರಿಂದ ಸಿಕ್ಕಿದ್ದು.

ಹರೆಯದಲ್ಲಿ ಅವಳು ಸಂಡೂರಿನ ಕಡೆ ಕಬ್ಬಿಣದ ಅದಿರು ಒಡೆದು ಆರಿಸುವ ಕೆಲಸ ಮಾಡಿದವಳು. ಅಲ್ಲಿ ಎಲ್ಲರೂ ನಂಬಿದ್ದ ಮಾತೊಂದಿತ್ತು: “ಬಾಯಾಗ ಎಲಿ ಇದ್ರ ಧೂಳ ಒಳಗ ಇಳಿಯಂಗಿಲ್ಲ, ಉಗುಳಿನ ಕೂಡ ಬಂದುಬಿಡ್ತೈತಿ.” ಉಗುಳಿದ್ದು ಹೇಗೂ ಕೆಂಪಗೇ ಇರುತ್ತಿತ್ತು, ಅದು ಅದಿರಿನ ಕೆಂಪು ಧೂಳೋ ಎಲೆಯೋ ಎಂದು ಯಾರೂ ವಿಂಗಡಿಸಲಿಲ್ಲ. ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿ, ಈಗ ಅವಳು ಹೊಲಗಳಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳೆ. ಧೂಳು ಹೋಯಿತು, ತಂಬಾಕು ಉಳಿಯಿತು.

ರೊಟ್ಟಿಯ ಜೊತೆ ಹಸಿಮೆಣಸಿನಕಾಯಿ ಕಡಿಯುತ್ತಿದ್ದವಳು ನಾನು ಅಲ್ಲಿದ್ದಾಗಲೇ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನತೊಡಗಿದ್ದಳು. ಕೇಳಿದರೆ “ಹಲ್ಲು ನೋವು” ಎಂದಳು. ಆ ವಾರವೇ ಅವಳ ಎಂಟನೇ ತರಗತಿಯ ಮೊಮ್ಮಗಳು ಶಾಲೆಯಿಂದ ತಂಬಾಕಿನ ಪಾಠ ತಂದಳು. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಬೇಕು. ಹಿಡಿಸದಿದ್ದರೆ ಬಾಯಿ ಒಳಗೆ ಬಿಗಿಯುತ್ತಿದೆ, ಡಾಕ್ಟರಿಗೆ ತೋರಿಸಬೇಕು. ಮನೆಮಂದಿಯೆಲ್ಲ ಇಟ್ಟುಕೊಂಡೆವು. ಚಿಗವ್ವನಿಗೆ ಎರಡೇ ಹಿಡಿಸಿದವು.

“ನನ್ನ ಬಟ್ಟು ದಪ್ಪ ಅದಾವು,” ಎಂದಳು. ಮೊಮ್ಮಗಳ ಕೈ ಎಳೆದು, “ನಿನ್ನವು ಕೊಡಬೇ, ಹೋಗ್ತಾವು ನೋಡು.”

“ತಮ್ಮ ತಮ್ಮವ ಇಡಬೇಕಂತ ಟೀಚರ್ ಹೇಳ್ಯಾರಬೇ ಅಜ್ಜೀ. ನಕಲು ಹೊಡಿಬ್ಯಾಡ!”

ಆಗಲೇ ಯಾರೋ ಮೊದಲು ನಕ್ಕದ್ದು.

ಆಮೇಲೆ ಮನೆಯಲ್ಲಿ ನಗು ಉಳಿಯಲಿಲ್ಲ. ಹೊಸಪೇಟೆಗೆ ಹೋಗಿ ತೋರಿಸೋಣ ಎಂದು ನಾನು ದಿನವೂ ಕೇಳಿದೆ. ದಿನವೂ ಬ್ಯಾಡ ಎಂದಳು. ಅದಿರಿನ ರಾಶಿಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಗೆಳತಿ ಬಾಯಿಹುಣ್ಣೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬಂದಿರಲಿಲ್ಲ. “ತೋರಿಸಿದ್ರ ಅಲ್ಲಾ ರೋಗ ಹೊರಗ ಬರೋದು,” ಎಂದಳು.

ಒಂದು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಊರಿಗೆ ಹೋಗುವ ಸೀರೆ ಉಟ್ಟು ಕೂತಿದ್ದಳು. “ಏಳಬೇ, ಬಸ್ ಹೋಗ್ತೈತಿ.”

ಹೊಸಪೇಟೆಯಲ್ಲಿ ಡಾಕ್ಟರು, “ಅಮ್ಮಾ, ಇನ್ನೂ ದೊಡ್ಡದು ತೆಗೀರಿ” ಎಂದರು. ಅವಳಿಗೆ ಆಗಲಿಲ್ಲ. ಕೆನ್ನೆಯೊಳಗಿನ ಬಿಳಿಯ ಕಲೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗೆ ನಾನು ಯಾರ ಮನೆಗೂ ಪ್ರಶ್ನೆ ಕೇಳಲು ಹೋಗಲಿಲ್ಲ. ಕ್ಯಾನ್ಸರ್ ಅಲ್ಲ ಎಂದು ಬಂತು. ಆದರೆ ತಂಬಾಕೂ ಅಡಿಕೆಯೂ ಮುಂದುವರಿದರೆ ಆಗಬಹುದು ಎಂದರು. ಅಷ್ಟರಲ್ಲಿ ಚಿಗವ್ವ ಎರಡನ್ನೂ ಬಿಟ್ಟಾಗಿತ್ತು. ಎಲೆಯ ಸಂಚಿ ಈಗಲೂ ಸೊಂಟದಲ್ಲಿದೆ. ಒಳಗೆ ಪುಟಾಣಿ ಕಡಲೆ.

ನನ್ನ ಅಧ್ಯಯನದಲ್ಲಿ ಅವಳಿಲ್ಲ, ಸಂಬಂಧಿಕರನ್ನು ಸೇರಿಸುವಂತಿಲ್ಲ. ಆದರೂ ಉಪನ್ಯಾಸಗಳಲ್ಲಿ ಅವಳ ಕಥೆ ಹೇಳುತ್ತೇನೆ, ಶಾಲೆಯ ಪಾಠ ಮನೆ ಮುಟ್ಟಿದ್ದಕ್ಕೆ ಉದಾಹರಣೆಯಾಗಿ. ಕೇಳುವವರಿಗೆ ಇಷ್ಟವಾಗುತ್ತದೆ. ಚಿಗವ್ವ ಮಾತ್ರ, ಯಾಕೆ ಬಿಟ್ಟೆ ಎಂದರೆ, ಮೊಮ್ಮಗಳಿಗೆ “ನೀ ಹೇಳಿದಿಯಲ್ಲ, ಅದಕ್ಕ” ಎನ್ನುತ್ತಾಳೆ. ನೆರೆಯವಳಿಗೆ “ಈಗಿನ ತಂಬಾಕಿನಾಗ ಖಾರ ಇಲ್ಲ” ಎನ್ನುತ್ತಾಳೆ. ನನಗೆ, “ನಿನ್ನ ಪ್ರಶ್ನೆ ಮುಗಿಯವಲ್ಲವು, ಸಾಕಾತು.” ಗೆಳತಿಯ ಹೆಸರನ್ನು ಯಾರ ಮುಂದೆಯೂ ಎತ್ತುವುದಿಲ್ಲ.

ಕಳೆದ ಸಲ ಹೋದಾಗ ರೊಟ್ಟಿಯನ್ನು ನೆನೆಸದೆ, ಬದನೆಕಾಯಿ ಪಲ್ಯದ ಜೊತೆ ನಿಧಾನವಾಗಿ ತಿಂದಳು. ಎದುರು ಕೂತು ನೋಡುವ ಭಾಗ್ಯ ನನ್ನದಾಯಿತು. ಹಸಿಮೆಣಸಿನಕಾಯಿ ಇನ್ನೂ ಮುಟ್ಟಿಲ್ಲ. ಬಾಯಿ ಮೊದಲಿನಂತೆ ತೆರೆಯುತ್ತದೆಯೇ ಎಂದು ಡಾಕ್ಟರಿಗೂ ಖಚಿತವಿಲ್ಲ. ದಿನವೂ ಬ್ಯಾಡ ಎಂದವಳು ಆ ಬೆಳಿಗ್ಗೆ ಯಾಕೆ ಸೀರೆ ಉಟ್ಟು ಕೂತಳು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.